ಹಳೆಯ ಪೆಟ್ರೋಲ್ ಗಾಲ್ಫ್ ಕಾರ್ಟ್ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ ಗಾಲ್ಫ್ ಕಾರ್ಟ್ ಎಂಬುದು ಆಟದ ಬಯಲಿಗಷ್ಟೇ ಮೀಸಲಾದ ವಾಹನವಲ್ಲ. ಮನೆ, ಶಾಲೆ, ಅಂಗಡಿಗಳನ್ನು ಬೆಸೆಯುವ ಸುಮಾರು 100 ಮೈಲಿ ಉದ್ದದ ಕಾರ್ಟ್ ದಾರಿಗಳ ಮೇಲೆ ದಿನವೂ ಓಡುವ ಎರಡನೆಯ ಕಾರು ಅದು. ಅದೇ ರಾಜ್ಯದ ಆಗಸ್ಟಾ ನಗರದಲ್ಲಿ ಗಾಲ್ಫ್ ಕಾರ್ಟ್ ತಯಾರಿಸುವ ಕಂಪನಿಗಳಾದ ಈಜಿಗೋ 1954ರಿಂದಲೂ ಕ್ಲಬ್ ಕಾರ್ 1962ರಿಂದಲೂ ಇರುವುದರಿಂದ ಇಪ್ಪತ್ತು ಮೂವತ್ತು ವರ್ಷ ಹಳೆಯ ಗಾಡಿಗಳು ಈ ಕಡೆ ಅಗ್ಗದ ಬೆಲೆಗೆ ಸಿಗುತ್ತವೆ. ಹಾಗೆ ಕೊಂಡವರಲ್ಲಿ ನಾವು ಕೆಲವು ಕನ್ನಡದ ಮನೆಯವರೂ ಇದ್ದೇವೆ. ಇಲ್ಲಿಯವರು ‘ಗ್ಯಾಸ್ ಕಾರ್ಟ್’ ಎನ್ನುವುದು ಪೆಟ್ರೋಲ್ ಗಾಡಿಗೆ, ಅಡುಗೆ ಅನಿಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಬರಹ ಮುಖ್ಯವಾಗಿ 1992ರಿಂದ ಕ್ಲಬ್ ಕಾರ್ ಡಿಎಸ್ ಗಾಡಿಗಳಲ್ಲಿ ಬಂದ ಕವಾಸಾಕಿ ಎಫ್‌ಇ290 ಎಂಜಿನ್ನನ್ನು, ಅಂದರೆ 286 ಸಿಸಿಯ ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ನನ್ನು, ಕುರಿತದ್ದು. ಬೇರೆ ಗಾಡಿಗಳು ಎಲ್ಲಿ ಭಿನ್ನವೋ ಅಲ್ಲಿ ಮಾತ್ರ ಅವುಗಳ ಹೆಸರು ಎತ್ತಿದ್ದೇನೆ.

ಮೊದಲಿಗೆ ಈ ಯಂತ್ರದ ಒಂದು ವಿಚಿತ್ರ ಗುಣ ತಿಳಿದಿರಬೇಕು. ಕೀಲಿ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಪೆಡಲ್ ತುಳಿದಾಗ ಆಗುತ್ತದೆ, ಕಾಲು ತೆಗೆದಾಗ ನಿಲ್ಲುತ್ತದೆ. ಪೆಡಲಿನ ಸರಳು ಒಂದು ಪೆಟ್ಟಿಗೆಯೊಳಗಿನ ಎರಡು ಸಣ್ಣ ಮೈಕ್ರೋ ಸ್ವಿಚ್‌ಗಳನ್ನು ಒತ್ತುತ್ತದೆ. ಒಂದು ಸ್ವಿಚ್ ಸೊಲೆನಾಯ್ಡಿಗೆ (ದಪ್ಪ ಕೇಬಲ್ಲುಗಳ ದಾರಿಯನ್ನು ಜೋಡಿಸುವ ಕಾಂತದ ಸ್ವಿಚ್ಚಿಗೆ) ವಿದ್ಯುತ್ ಕೊಟ್ಟು ಸ್ಟಾರ್ಟರ್-ಜನರೇಟರನ್ನು ತಿರುಗಿಸುತ್ತದೆ, ಇನ್ನೊಂದು, ಕಿಡಿಯ ವಿದ್ಯುತ್ ಹುಟ್ಟಿಸುವ ಕಾಯಿಲಿನ ಕಿಲ್ ತಂತಿಯನ್ನು (ಕಿಡಿ ನಿಲ್ಲಿಸುವ ತಂತಿಯನ್ನು) ಅರ್ಥ್‌ನಿಂದ ಬಿಡಿಸಿ ಕಿಡಿಗೆ ಅನುವು ಮಾಡಿಕೊಡುತ್ತದೆ. ಬೆಲ್ಟಿನ ಮೂಲಕ ಎಂಜಿನ್ನನ್ನು ತಿರುಗಿಸಿದ ಅದೇ ಮೋಟರು, ಎಂಜಿನ್ ಹಿಡಿದ ಮೇಲೆ ಜನರೇಟರಾಗಿ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಹೀಗೆ ಪ್ರತಿ ತಿರುವಿನಲ್ಲೂ ಪ್ರತಿ ಗೇಟಿನಲ್ಲೂ ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಮೊದಲು ಸವೆಯುವುದು ಪಿಸ್ಟನ್ ಅಲ್ಲ. ಬ್ಯಾಟರಿ, ಕೇಬಲ್, ಸ್ವಿಚ್ಚು ಮತ್ತು ಸೊಲೆನಾಯ್ಡ್. ಆದರೂ ಜನ ಮೊದಲು ಬಿಚ್ಚುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನೇ. ನಾನೂ ಬಿಚ್ಚಿದ್ದೆ, ಆ ಕಥೆ ಮುಂದೆ ಬರುತ್ತದೆ.

ಕೈ ಹಾಕುವ ಮುನ್ನ

ಈ ಭಾಗದ ಅನೇಕ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗ್ಯಾರೇಜಿನ ಮೂಲೆಯಲ್ಲೇ ಇರುತ್ತದೆ, ಹಳೆಯದಾದರೆ ಅದರ ಅಡಿಯಲ್ಲಿ ಪೈಲಟ್ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕಂಟಿ ಹರಿದು ಆ ಜ್ವಾಲೆಯನ್ನು ತಲುಪಬಲ್ಲದು. ಆದ್ದರಿಂದ ಪೆಟ್ರೋಲಿನ ಕೊಳವೆ ಬಿಚ್ಚುವ ಯಾವ ಕೆಲಸವನ್ನೂ ಗ್ಯಾರೇಜಿನೊಳಗೆ ಮಾಡಬಾರದು. ಗಾಡಿಯನ್ನು ಹೊರಗೆ ತಳ್ಳಿಕೊಂಡು ಹೋಗಿ, ಪುಡಿ ತುಂಬಿದ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿಟ್ಟುಕೊಂಡು ಕೆಲಸ ಶುರುಮಾಡಬೇಕು. ಬಾಗಿಲು ಅರ್ಧ ತೆರೆದಿದೆ ಎಂದು ಒಳಗೆ ಎಂಜಿನ್ ಓಡಿಸುವುದೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಡಿ. ಎಂಜಿನ್ ಓಡಿಸಿ ನೋಡಬೇಕಾದ ಪರೀಕ್ಷೆಗಳಿಗೆ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಜ್ಯಾಕನ್ನು ನಂಬಿ ಕೂರದೆ ಜ್ಯಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಸೀಟಿನಡಿ ತೆರೆದುಕೊಂಡಿರುವ ಎರಡು ಬೆಲ್ಟುಗಳು ದುಪಟ್ಟಾ, ಜನಿವಾರ, ಕೈಯ ದಾರ ಯಾವುದನ್ನೂ ಬಿಡುವುದಿಲ್ಲ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ಕೇಬಲ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಚಾರ್ಜ್ ಆಗುವ ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆಂಬುದು ನೆನಪಿರಲಿ.

ಪೆಡಲ್ ತುಳಿದರೆ ಸದ್ದೇ ಇಲ್ಲ

ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸೋಣ. ಬ್ಯಾಟರಿಯ ತುದಿಗಳನ್ನು ಕೈಯಿಂದ ತಿರುಗಿಸಿ ನೋಡಿ. ಅಲುಗಿದರೆ ಅದೇ ದೋಷವಿರಬಹುದು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಆಮೇಲೆ ಮಲ್ಟಿಮೀಟರ್ ಇಟ್ಟು ನೋಡಿದರೆ, ಕೆಲವು ಗಂಟೆ ಸುಮ್ಮನಿದ್ದ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2ಕ್ಕಿಂತ ಕೆಳಗಿದ್ದರೆ ಮೊದಲು ಪೂರ್ತಿ ಚಾರ್ಜ್ ಮಾಡಿ, ಉಳಿದ ಪರೀಕ್ಷೆಯನ್ನು ನಾಳೆಗಿಡಿ.

ಬ್ಯಾಟರಿ ಸರಿಯಿದ್ದರೆ ದೋಷ ಸೊಲೆನಾಯ್ಡಿನ ಆಚೆಯದೋ ಈಚೆಯದೋ ಎಂದು ತಿಳಿಯಬೇಕು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತು ಎಂಜಿನ್ನಿನ ಲೋಹಕ್ಕೆ ತಾಗಿಸಿಡಿ, ಎಂಜಿನ್ ಅಕಸ್ಮಾತ್ ಹಿಡಿಯದಿರಲಿ. ಸೊಲೆನಾಯ್ಡಿನ ಎರಡು ಸಣ್ಣ ತುದಿಗಳ ಮೇಲೆ ಮೀಟರಿನ ಮೊನೆಗಳನ್ನಿಟ್ಟು, ಮನೆಯವರೊಬ್ಬರಿಗೆ ಕೀಲಿ ಹಾಕಿ ಪೆಡಲ್ ತುಳಿಯಲು ಹೇಳಿ. ಅಲ್ಲಿ 12 ವೋಲ್ಟ್ ಬಂದೂ ಸೊಲೆನಾಯ್ಡ್ ಸದ್ದು ಮಾಡದಿದ್ದರೆ ಅದರ ಸುರುಳಿ ಸತ್ತಿದೆ. ಏನೂ ಬರದಿದ್ದರೆ ಸೊಲೆನಾಯ್ಡ್ ನಿರಪರಾಧಿ. ಫ್ಯೂಸ್, ಕೀಲಿ ಸ್ವಿಚ್, ಪೆಡಲ್ ಪೆಟ್ಟಿಗೆಯ ಮೈಕ್ರೋ ಸ್ವಿಚ್, ಅರ್ಥ್ ತಂತಿ, ಈ ಸಾಲಿನಲ್ಲಿ ಬ್ಯಾಟರಿಯ ಕಡೆಯಿಂದ ಹೊರಟು ವಿದ್ಯುತ್ ಎಲ್ಲಿ ಕಾಣೆಯಾಗುತ್ತದೆಂದು ಒಂದೊಂದಾಗಿ ನೋಡುತ್ತ ಬನ್ನಿ. ಪೆಡಲನ್ನು ಗಟ್ಟಿಯಾಗಿ, ಕೊನೆಯವರೆಗೆ ತುಳಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಯಲ್ಲಿ ಸಾಮಾನ್ಯವಾಗಿ ಸವೆದಿರುವುದು ಮೈಕ್ರೋ ಸ್ವಿಚ್ಚು ಅಥವಾ ಅದನ್ನು ಒತ್ತುವ ಸರಳಿನ ಹೊಂದಾಣಿಕೆ.

ಸೊಲೆನಾಯ್ಡಿನ ಎರಡು ದೊಡ್ಡ ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವ ವಿದ್ಯೆಯನ್ನು ಬಲ್ಲವರು ಬಹಳ. ಎಂಜಿನ್ ಹಿಡಿದು ಗಾಡಿ ಮುಂದೆ ನೆಗೆದರೆ ಚಕ್ರದ ಪಕ್ಕ ಬಗ್ಗಿ ನಿಂತವರಿಗೆ ಸರಿಯಲು ಸಮಯವಿರುವುದಿಲ್ಲ. ಮಲ್ಟಿಮೀಟರ್ ಅದೇ ಉತ್ತರವನ್ನು ಯಾವ ಅಪಾಯವೂ ಇಲ್ಲದೆ ಕೊಡುತ್ತದೆ.

‘ಟಕ್’ ಎನ್ನುತ್ತದೆ, ಅಥವಾ ನರಳುತ್ತ ತಿರುಗುತ್ತದೆ

ಟಕ್ ಎಂಬ ಸದ್ದು ಬಂದರೆ ಸ್ವಿಚ್ಚುಗಳ ಸಾಲು ಸರಿಯಿದೆ ಎಂದರ್ಥ; ತೊಂದರೆ ದಪ್ಪ ಕೇಬಲ್ಲುಗಳ ದಾರಿಯಲ್ಲಿದೆ. ಪೆಡಲ್ ತುಳಿದಿರುವಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುದಿಯಾಗಿದೆ. ಕುಸಿಯದೆ 12ರ ಹತ್ತಿರವೇ ನಿಂತರೆ, ವಿದ್ಯುತ್ ಮೋಟರನ್ನು ತಲುಪುತ್ತಿಲ್ಲ. ಆಗ ಸೊಲೆನಾಯ್ಡಿನ ಎರಡು ದೊಡ್ಡ ತುದಿಗಳ ನಡುವೆ ಅಳೆಯಿರಿ: ಪೆಡಲ್ ತುಳಿದಾಗ ಅಲ್ಲಿ ಸೊನ್ನೆಗೆ ಹತ್ತಿರ ಬರಬೇಕು, 12 ವೋಲ್ಟ್ ಉಳಿದರೆ ಒಳಗಿನ ಸಂಪರ್ಕ ಸುಟ್ಟಿದೆ. ಒಂದೊಂದು ಕೇಬಲ್ಲಿನ ಎರಡು ಕೊನೆಗಳ ನಡುವೆಯೂ ಹೀಗೆಯೇ ಅಳೆದು, ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುವ ಕೇಬಲ್ಲನ್ನು ಬದಲಿಸಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಕೇಬಲ್ಲು ಹೊರಗೆ ಚೆನ್ನಾಗಿ ಕಂಡರೂ ರಬ್ಬರಿನೊಳಗೆ ಹಸಿರುಗಟ್ಟಿರುತ್ತದೆ. ಅದನ್ನು ಬಗ್ಗಿಸಿದಾಗ ಕರಕರ ಎಂದರೆ ಮತ್ತೆ ಅಳೆಯುವ ಅಗತ್ಯವೂ ಇಲ್ಲ.

ಮೋಟರು ತಿರುಗಿ ಬೆಲ್ಟ್ ಕಿರುಚಿದರೆ ಬೆಲ್ಟ್ ಸಡಿಲಾಗಿದೆ ಅಥವಾ ಗಾಜಿನಂತೆ ನುಣುಪಾಗಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14 ವೋಲ್ಟಿನ ಆಸುಪಾಸು ಬರದಿದ್ದರೆ ಚಾರ್ಜಿಂಗ್ ಸತ್ತಿದೆ; ಇಂದು ಸ್ಟಾರ್ಟ್ ಆದ ಗಾಡಿ ಮೂರು ದಿನದ ನಂತರ ಮತ್ತೆ ಟಕ್ ಎನ್ನುತ್ತದೆ. ರೆಗ್ಯುಲೇಟರೋ ಜನರೇಟರೋ ಎಂದು ಬಿಡಿಸುವ ಕೆಲಸ ಬಲ್ಲವರದ್ದು.

ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಎಂಜಿನ್ನಿಗೆ ಬೇಕಾದ್ದು ಕಿಡಿ, ಪೆಟ್ರೋಲ್, ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿ ಹುಟ್ಟಿಸುವ ಒತ್ತಡ). ಇವುಗಳಲ್ಲಿ ಯಾವುದು ಇಲ್ಲವೆಂದು ತಿಳಿಯದೆ ಯಾವ ಭಾಗವನ್ನೂ ಕೊಳ್ಳಬೇಡಿ. ಐದಾರು ಸಲ ಪೆಡಲ್ ತುಳಿದ ಮೇಲೆ ಪ್ಲಗ್ ಬಿಚ್ಚಿ ಅದರ ಮೂತಿಯನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿ ಇಲ್ಲ, ಅಥವಾ ಪೆಟ್ರೋಲ್ ಅತಿಯಾಗಿದೆ. ಮಸಿ ಮೆತ್ತಿ ಕಪ್ಪಾಗಿದ್ದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಗಾಳಿಯನ್ನು ತಡೆಯುವ ಚೋಕ್ ಅಂಟಿಕೊಂಡಿದೆ. ಇಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಪೈನ್ ಮರದ ಹಳದಿ ಪರಾಗ ಅರಿಸಿನ ಚೆಲ್ಲಿದಂತೆ ಎಲ್ಲದರ ಮೇಲೂ ಕೂರುತ್ತದೆ. ಆ ತಿಂಗಳಲ್ಲಿ ಫಿಲ್ಟರನ್ನು ಮೊದಲೇ ತೆಗೆದು ನೋಡುವುದು ಜಾಣತನ.

ಕಿಡಿಯನ್ನು ನೋಡಲು ಪ್ಲಗ್ ಮತ್ತು ತಂತಿಯ ನಡುವೆ ಹಾಕುವ ಸಣ್ಣ ದೀಪದ ಟೆಸ್ಟರ್ ಬಳಸಿ. ಬಿಚ್ಚಿದ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವ ಹಳೆಯ ರೂಢಿಯಲ್ಲಿ, ಪಕ್ಕದ ತೂತಿನಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು. ದೀಪ ಮಿನುಗದಿದ್ದರೆ ಮೊದಲು ಪ್ಲಗ್ಗಿನ ಟೋಪಿ, ಅದರ ತಂತಿ. ಅನಂತರ ಕಿಲ್ ತಂತಿ: ಅದನ್ನು ಕಾಯಿಲಿನ ಬಳಿಯೇ ಬಿಚ್ಚಿದಾಗ ಕಿಡಿ ಮರಳಿ ಬಂದರೆ ಕಾಯಿಲ್ ಸರಿಯಿದೆ; ಪೆಡಲ್ ಪೆಟ್ಟಿಗೆಯ ಕಿಲ್ ಸ್ವಿಚ್, ಕೀಲಿ ಸ್ವಿಚ್, ವೇಗ ಮಿತಿಯ ಆರ್‌ಪಿಎಂ ಲಿಮಿಟರ್ ಇವುಗಳಲ್ಲಿ ಯಾವುದೋ ಒಂದು, ಅಥವಾ ಎಲ್ಲೋ ಚಾಸಿಗೆ ಉಜ್ಜಿ ಸಿಪ್ಪೆ ಹೋದ ತಂತಿ, ಕಿಡಿಯನ್ನು ನುಂಗುತ್ತಿದೆ. ಆದರೆ ಈ ತಂತಿ ಬಿಚ್ಚಿರುವಾಗ ಎಂಜಿನ್ ಹಿಡಿದರೆ ಕಾಲು ತೆಗೆದರೂ ಕೀಲಿ ಆರಿಸಿದರೂ ನಿಲ್ಲುವುದಿಲ್ಲ. ಹಿಂದಿನ ಚಕ್ರ ಎತ್ತಿದ ಮೇಲೆಯೇ, ಚೋಕ್ ಎಳೆದು ನಿಲ್ಲಿಸುವ ದಾರಿ ಖಚಿತವಾಗಿರುವಾಗಲೇ ಇದನ್ನು ಮಾಡಬೇಕು, ಪರೀಕ್ಷೆ ಮುಗಿದೊಡನೆ ತಂತಿಯನ್ನು ಮತ್ತೆ ಸೇರಿಸಬೇಕು. ಬಿಚ್ಚಿದರೂ ಕಿಡಿ ಬರದಿದ್ದರೆ ಫ್ಲೈವ್ಹೀಲಿನ ಮತ್ತು ಕಾಯಿಲಿನ ನಡುವಿನ ತುಕ್ಕು, ಅಂತರ, ಕೊನೆಗೆ ಕಾಯಿಲ್.

ಕಿಡಿ ಇದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲಿನ ಕಡೆ ತಿರುಗೋಣ. ಟ್ಯಾಂಕಿನಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಬಿಡಿ. ಇಲ್ಲಿನ ಬಂಕುಗಳಲ್ಲಿ ಸಿಗುವುದು ಬಹುಪಾಲು ಶೇ. 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರೂ ಎಥನಾಲೂ ಕೂಡಿ ತಳದಲ್ಲಿ ಬೇರೆ ಪದರವಾಗಿ ಕೂರುತ್ತವೆ. ಬಾಟಲಿಯಲ್ಲಿ ಎರಡು ಪದರ ಕಂಡರೆ, ಅಥವಾ ಬಣ್ಣ ಚಹಾದ ಡಿಕಾಕ್ಷನ್ನಿನಂತಾಗಿ ವಾರ್ನಿಶ್ ವಾಸನೆ ಬಂದರೆ, ಪೂರ್ತಿ ಬಸಿದು ಹೊಸದು ತುಂಬದೆ ಬೇರೆ ದಾರಿಯಿಲ್ಲ. ಹಳೆಯದಕ್ಕೆ ಹೊಸದನ್ನು ಬೆರೆಸಿ ಸರಿಮಾಡುವ ಆಸೆ ಬೇಡ. ಬಸಿದ ಪೆಟ್ರೋಲನ್ನು ಚರಂಡಿಗೆ ಸುರಿಯದೆ ಕೌಂಟಿಯ ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು.

ಹೊಸ ಪೆಟ್ರೋಲ್ ಹಾಕಿದರೂ ಪ್ಲಗ್ ಒಣಗಿದ್ದರೆ ಪಂಪನ್ನು ನೋಡುವ ಸಮಯ. ಇದಕ್ಕೆ ವಿದ್ಯುತ್ ಮೋಟರಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡಿದಂತೆ ಕ್ರ್ಯಾಂಕ್‌ಕೇಸಿನಲ್ಲಿ ಹುಟ್ಟುವ ಒತ್ತಡದ ಮಿಡಿತ ಒಂದು ಸಣ್ಣ ಕೊಳವೆಯ ಮೂಲಕ ಬಂದು ಡಯಾಫ್ರಮ್ ಎಂಬ ತೆಳು ಪೊರೆಯನ್ನು ಕುಣಿಸುತ್ತದೆ, ಅದು ಪೆಟ್ರೋಲನ್ನು ಎಳೆದು ತಳ್ಳುತ್ತದೆ. ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯನ್ನು ಬಿಚ್ಚಿ ಬಾಟಲಿಯೊಳಗಿಟ್ಟು, ಪ್ಲಗ್ಗಿನ ತಂತಿಯನ್ನು ಅರ್ಥ್ ಮಾಡಿ, ಪೆಡಲ್ ತುಳಿಸಿದರೆ ಪೆಟ್ರೋಲ್ ಗುಟುಕು ಗುಟುಕಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಮೊದಲು ಪಂಪಿನ ಹಿಂದಿನ ಫಿಲ್ಟರನ್ನೂ ಕೊಳವೆಗಳ ಬಿರುಕನ್ನೂ ನೋಡಿ, ಆಮೇಲೆ ಮಿಡಿತದ ಕೊಳವೆಯನ್ನು ಬಿಚ್ಚಿ ಮೂಸಿ ನೋಡಿ. ಗಾಳಿ ಮಾತ್ರ ಇರಬೇಕಾದ ಆ ಕೊಳವೆಯಲ್ಲಿ ಪೆಟ್ರೋಲ್ ಇದ್ದರೆ ಡಯಾಫ್ರಮ್ ಹರಿದಿದೆ, ಪೆಟ್ರೋಲ್ ನೇರವಾಗಿ ಎಂಜಿನ್ ಆಯಿಲಿಗೆ ಸೇರುತ್ತಿದೆ. ಪಂಪ್ ಬದಲಿಸಿ ಆಯಿಲ್ ಬದಲಿಸುವವರೆಗೆ ಗಾಡಿಯನ್ನು ಮುಟ್ಟಬಾರದು.

ಪಂಪ್ ಸರಿಯಾಗಿ ಚಿಮ್ಮಿದ ಮೇಲೆ ಮಾತ್ರ ಕಾರ್ಬ್ಯುರೇಟರಿನ ಸರದಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೈಲಟ್ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ತೂತು ಅಂಟಿನಿಂದ ಮುಚ್ಚಿರುತ್ತದೆ. ಅದನ್ನು ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ, ಕಣ್ಣಿಗೆ ಕನ್ನಡಕವಿರಲಿ. ಸೂಜಿ, ತಂತಿ ಚುಚ್ಚಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಇನ್ನೊಂದು ರೋಗ ಹುಟ್ಟುತ್ತದೆ.

ಐದು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ

ನನ್ನ ಕಥೆ ಇಲ್ಲಿಯದು. ನಮ್ಮ ಗಾಡಿ ಮನೆಯಿಂದ ಹೊರಟು ರಸ್ತೆಯಡಿಯ ಸುರಂಗ ದಾಟಿದೊಡನೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಕೆಮ್ಮಿ ನಿಲ್ಲುತ್ತಿತ್ತು. ನಾನು ಕಾರ್ಬ್ಯುರೇಟರನ್ನು ಎರಡು ಸಲ ತೊಳೆದು, ಮೂರನೆಯ ಸಲ ಹೊಸದನ್ನೇ ತರಿಸಿ ಹಾಕಿದ್ದೆ. ಆರು ತಿಂಗಳ ಮಟ್ಟಿಗೆ ಹಾಸನದಿಂದ ಬಂದಿದ್ದ ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಎರಡು ದಿನ ಇದನ್ನು ನೋಡಿ, ಮೂರನೆಯ ದಿನ “ಲೋ, ಟ್ಯಾಂಕಿನ ಮುಚ್ಚಳ ಒಂಚೂರು ಸಡಿಲ ಮಾಡೋ” ಎಂದರು. ತಿರುಗಿಸಿದೊಡನೆ ‘ಸುಯ್’ ಎಂದು ಗಾಳಿ ಒಳಗೆ ಹೋಯಿತು, ಗಾಡಿ ಸ್ಟಾರ್ಟ್ ಆಯಿತು. ಮುಚ್ಚಳದ ಉಸಿರು ತೂತಿನಲ್ಲಿ ಕುಂಬಾರ ಹುಳು ಮಣ್ಣು ಮೆತ್ತಿತ್ತು. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಲಾಗದೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು, ಪಂಪಿನ ಎಳೆತಕ್ಕೆ ಅದು ಸಮನಾದಾಗ ಎಂಜಿನ್ ಉಪವಾಸ ಬೀಳುತ್ತಿತ್ತು. ಹಳೆಯ ಕಾರ್ಬ್ಯುರೇಟರ್ ಈಗಲೂ ನಮ್ಮ ಷೆಲ್ಫಿನ ಮೇಲಿದೆ, ಅದರಲ್ಲಿ ಏನೂ ದೋಷವಿರಲಿಲ್ಲ.

ಆದ್ದರಿಂದ ಇಂಥ ಗಾಡಿ ನಿಂತ ಜಾಗದಲ್ಲೇ, ನಿಂತ ಕ್ಷಣದಲ್ಲೇ ಪರೀಕ್ಷೆ ನಡೆಯಬೇಕು. ಮನೆಗೆ ತಳ್ಳಿಕೊಂಡು ಬರುವಷ್ಟರಲ್ಲಿ ಸಾಕ್ಷಿ ಅಳಿಸಿಹೋಗಿರುತ್ತದೆ. ಮುಚ್ಚಳ ತೆರೆದೊಡನೆ ಓಡಿದರೆ ಮುಚ್ಚಳ. ಓಡದಿದ್ದರೆ ಆಗಲೇ ಕಿಡಿ ಟೆಸ್ಟರ್ ಹಾಕಿ: ಬಿಸಿಯಾಗಿರುವಾಗ ಕಿಡಿ ಮಾಯವಾಗಿ, ಅರ್ಧ ಗಂಟೆ ತಣಿದ ಮೇಲೆ ಮರಳಿದರೆ ಕಾಯಿಲ್ ಬಿಸಿಗೆ ಸೋಲುತ್ತಿದೆ. ಜೊತೆಗೆ ಎಂಜಿನ್ನಿನ ಗಾಳಿ ಹೊದಿಕೆಯನ್ನು ಬಿಚ್ಚಿ ನೋಡಿ. ಈ ಎಂಜಿನ್ ತಣಿಯುವುದು ಗಾಳಿಯಿಂದಲೇ, ಚಳಿಗಾಲದಲ್ಲಿ ಇಲಿಗಳು ಪೈನ್ ಎಲೆ ತಂದು ಆ ರೆಕ್ಕೆಗಳ ನಡುವೆಯೇ ಗೂಡು ಕಟ್ಟುತ್ತವೆ.

ಏರಿನಲ್ಲಿ ಸೋಲುತ್ತದೆ, ಸೈಲೆನ್ಸರಿನಲ್ಲಿ ಪಟ್ ಎನ್ನುತ್ತದೆ

ಸಮತಟ್ಟಿನಲ್ಲಿ ಓಡಿ ಏರಿನಲ್ಲಿ ಮಾತ್ರ ಸೋತರೆ ಪೆಟ್ರೋಲ್ ಫಿಲ್ಟರ್ ಅರ್ಧ ಕಟ್ಟಿರುವುದು ಮೊದಲ ಅನುಮಾನ; ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣ ಎಂಜಿನ್ನಿನ ಕಡೆಗಿರಲಿ. ಚೋಕನ್ನು ಸ್ವಲ್ಪವೇ ಎಳೆದಾಗ ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಖಚಿತ. ಇನ್ನೂ ಕೆಟ್ಟರೆ ಗಾಳಿ ಸಾಲುತ್ತಿಲ್ಲ. ಎಂಜಿನ್ನನ್ನು ಬೈಯುವ ಮುನ್ನ, ಚಕ್ರ ಎತ್ತಿ ಕೈಯಿಂದ ತಿರುಗಿಸಿ ಬ್ರೇಕ್ ಹಿಡಿದುಕೊಂಡಿದೆಯೇ ಎಂದೂ ನೋಡಬೇಕು. ಈಜಿಗೋ ಗಾಡಿಗಳ ಎರಡು ಸಿಲಿಂಡರಿನ ರಾಬಿನ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಸತ್ತರೂ ಇನ್ನೊಂದು ಹೇಗೋ ಎಳೆಯುತ್ತದೆ, ಅಲ್ಲಿ ಎರಡೂ ಪ್ಲಗ್ಗುಗಳನ್ನು ಬೇರೆಬೇರೆಯಾಗಿ ನೋಡಬೇಕು.

ಕಾಲು ತೆಗೆದೊಡನೆ ಪಟ್ ಎಂದು ಸಿಡಿಯುವುದು ಬೇರೆ ವಿಷಯ. ಕಿಡಿ ನಿಂತ ಮೇಲೂ ಎಂಜಿನ್ ಒಂದೆರಡು ಸುತ್ತು ತಿರುಗಿ ಉರಿಯದ ಪೆಟ್ರೋಲನ್ನು ಬಿಸಿ ಸೈಲೆನ್ಸರಿಗೆ ತಳ್ಳುತ್ತದೆ. ಥ್ರಾಟಲ್ ಕೇಬಲ್ ಬಿಗಿದು ಪೂರ್ತಿ ಮುಚ್ಚದಿದ್ದರೆ ಹೀಗಾಗುತ್ತದೆ; ಕೇಬಲ್ಲನ್ನು ಬಿಡಿಸಿ ಎಣ್ಣೆ ಹಾಕಿದರೆ ಎಷ್ಟೋ ಸಲ ಸದ್ದು ನಿಲ್ಲುತ್ತದೆ.

ಹೊಗೆ

ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ರಿಂಗ್ ಸವೆದಿದೆ ಎಂದು ಎದೆ ಒಡೆದುಕೊಳ್ಳುವ ಮುನ್ನ ಡಿಪ್‌ಸ್ಟಿಕ್ ಎಳೆಯಿರಿ. ಕಾರಿನ ಅಭ್ಯಾಸದಲ್ಲಿ ಡಬ್ಬ ಬಗ್ಗಿಸಿದವರ ಗಾಡಿಯಲ್ಲಿ ಮೇಲಿನ ಗೆರೆ ಮೀರಿದ ಆಯಿಲ್ ಉಸಿರು ಕೊಳವೆಯಿಂದ ಏರ್ ಫಿಲ್ಟರಿಗೆ ಬಂದು ಉರಿಯುತ್ತದೆ. ಮಟ್ಟವನ್ನು ಸಮತಟ್ಟಾದ ನೆಲದಲ್ಲಿ ನೋಡಿ, ಹೆಚ್ಚಾದುದನ್ನು ಬಸಿಯಿರಿ. ನೀವು ಹಾಕದೆಯೇ ಮಟ್ಟ ಏರಿ, ಆಯಿಲ್ ನೀರಾಗಿ ಪೆಟ್ರೋಲ್ ವಾಸನೆ ಬಂದರೆ, ಅದು ಮೇಲೆ ಹೇಳಿದ ಡಯಾಫ್ರಮ್ಮಿನ ಅಥವಾ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ಅಂಟಿದುದರ ಗುರುತು. ಯಮಹಾ ಜಿ1ರಂಥ ಎರಡು ಸ್ಟ್ರೋಕ್ ಗಾಡಿಗಳಿಗೆ ತುಸು ನೀಲಿ ಹೊಗೆ ಸಹಜ; ಅಲ್ಲಿ ಹೊಗೆ ಒಮ್ಮೆಲೇ ಪೂರ್ತಿ ನಿಂತರೆ ಆಯಿಲ್ ಹೋಗುತ್ತಿಲ್ಲವೆಂದು ಹೆದರಬೇಕು, ತಕ್ಷಣ ಎಂಜಿನ್ ಆರಿಸಬೇಕು.

ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ

ಇದು ಎಂಜಿನ್ನಿನ ದೋಷವಲ್ಲ. ಡ್ರೈವ್ ಬೆಲ್ಟ್ ಸವೆದು ಕಿರಿದಾಗಿದೆ ಅಥವಾ ಕ್ಲಚ್ ಅಂಟಿಕೊಂಡಿದೆ. ಬೆಲ್ಟನ್ನು ಮನೆಯಲ್ಲೇ ಬದಲಿಸಬಹುದು. ಕ್ಲಚ್ ಬಿಚ್ಚಲು ವಿಶೇಷ ಪುಲ್ಲರ್ ಬೇಕು, ಒಳಗೆ ಬಿಗಿದ ಸ್ಪ್ರಿಂಗ್ ಇದೆ, ಆದ್ದರಿಂದ ಅದಕ್ಕೆ ಸುತ್ತಿಗೆ ಹಚ್ಚಬೇಡಿ. ಕಾರ್ಖಾನೆಯ ಹೊಂದಾಣಿಕೆಯಲ್ಲಿ ಈ ಗಾಡಿಗಳ ವೇಗ ಗಂಟೆಗೆ 12ರಿಂದ 15 ಮೈಲಿ ಮಾತ್ರ. ಅಷ್ಟು ಓಡುವ ಗಾಡಿಯನ್ನು ನಿಧಾನವೆಂದು ವೇಗಕ್ಕೆ ಕಡಿವಾಣ ಹಾಕುವ ಗವರ್ನರನ್ನು ಕೆದಕುವವರಿದ್ದಾರೆ. ಇದರ ಬ್ರೇಕಿರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ.

ಕೈ ಬಿಡಬೇಕಾದ ಹಂತ

ಕಿಡಿ ಇದೆ, ಪೆಟ್ರೋಲ್ ಬರುತ್ತಿದೆ, ಪ್ಲಗ್ಗಿನ ತೂತಿನಲ್ಲಿ ಅರ್ಧ ಚಮಚ ಪೆಟ್ರೋಲ್ ಹಾಕಿ ಪ್ಲಗ್ ಬಿಗಿದು ತುಳಿದರೂ ಒಂದು ಕ್ಷಣವೂ ಹಿಡಿಯುವುದಿಲ್ಲ ಎಂದಾದರೆ ಉಳಿದದ್ದು ಕಂಪ್ರೆಷನ್. ಮೊದಲು ವಾಲ್ವ್ ಅಂತರವನ್ನು ತಣ್ಣಗಿರುವಾಗ ಅಳತೆ ಬಿಲ್ಲೆಯಿಂದ ನೋಡಬೇಕು. ಅದು ಬಿಗಿಯಾಗಿದ್ದು ಕಂಪ್ರೆಷನ್ ಸೋರಿ, ಸರಿಪಡಿಸಿದೊಡನೆ ಓಡಿದ ಎಂಜಿನ್ನುಗಳೂ ಉಂಟು. ಗೇಜಿನ ಅಂಕಿಯನ್ನಷ್ಟೇ ನಂಬಿ ತೀರ್ಪು ಕೊಡಬೇಡಿ: ಸ್ಟಾರ್ಟ್ ಆಗುವಾಗ ವಾಲ್ವನ್ನು ತುಸು ತೆರೆದಿಡುವ ಏರ್ಪಾಡಿರುವ ಎಂಜಿನ್ ಆರೋಗ್ಯವಾಗಿದ್ದರೂ ಕಡಿಮೆ ಅಂಕಿ ತೋರಿಸುತ್ತದೆ. ಗಾಳಿ ತುಂಬಿ ಸೋರುವ ದಾರಿ ಹುಡುಕುವ ಲೀಕ್‌ಡೌನ್ ಪರೀಕ್ಷೆಯೇ ಇಲ್ಲಿ ಸರಿ, ಅದಕ್ಕೆ ಕಂಪ್ರೆಸರ್ ಇರುವ ಮೆಕ್ಯಾನಿಕ್ ಬೇಕು. ರಾಬಿನ್ ಎಂಜಿನ್ನಾದರೆ ಟೈಮಿಂಗ್ ಬೆಲ್ಟ್ ಹರಿದಿರುವುದನ್ನೂ ಅವರೇ ನೋಡುತ್ತಾರೆ.

ಒಳಗಿನಿಂದ ಲೋಹ ಬಡಿಯುವ ಸದ್ದು, ಆಯಿಲಿನಲ್ಲಿ ಹೊಳೆಯುವ ಪುಡಿ, ಟ್ಯಾಂಕಿನಲ್ಲೇ ಸೋರಿಕೆ, ಕರಗಿದ ತಂತಿಯ ವಾಸನೆ ಇವುಗಳಲ್ಲಿ ಒಂದು ಕಂಡರೂ ಮತ್ತೊಮ್ಮೆ ಪೆಡಲ್ ತುಳಿಯಬೇಡಿ. ಟ್ಯಾಂಕಿನ ಮೇಲೆ ಪೆಟ್ರೋಲ್ ಕಾಕ್ ಇದ್ದರೆ ಮುಚ್ಚಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಮೆಕ್ಯಾನಿಕ್ಕಿಗೆ ಗಾಡಿಯ ಜೊತೆ ನೀವು ಅಳೆದ ವೋಲ್ಟೇಜುಗಳನ್ನೂ ಪ್ಲಗ್ ಇದ್ದ ಸ್ಥಿತಿಯನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ, ಬಿಚ್ಚಿದ ಹಳೆಯ ಪ್ಲಗ್ಗನ್ನು ಒರೆಸದೆ ಹಾಗೆಯೇ ಕಾಗದದಲ್ಲಿ ಸುತ್ತಿ ಕೊಡಿ.